ತಿಂಗಳು ತುಂಬದೆ ಹುಟ್ಟಿದವರಿಗೆ ಗೆಳೆತನ, ಪ್ರೀತಿ, ಮದುವೆ: ಒಂದು ಕೈಪಿಡಿ

ನಮ್ಮ ಕಡೆ ಯಾರಾದರೂ ಆತುರಪಟ್ಟರೆ “ಏಳು ತಿಂಗಳಿಗೆ ಹುಟ್ಟಿದವರ ಹಾಗೆ ಆಡಬೇಡ” ಎಂದು ಗದರುವುದುಂಟು. ನಿಜವಾಗಿಯೂ ಏಳು ತಿಂಗಳಿಗೇ ಹುಟ್ಟಿದವರನ್ನು ಹತ್ತಿರದಿಂದ ಬಲ್ಲವರಿಗೆ ಈ ಮಾತು ತಲೆಕೆಳಗಾಗಿ ಕಾಣುತ್ತದೆ. ಹೊಸಬರೊಡನೆ ಮಾತು ತೆಗೆಯುವುದರಲ್ಲಿ, ಗೆಳೆತನ ಬೆಳೆಸುವುದರಲ್ಲಿ, ಮನಸ್ಸಿಗೆ ಹಿಡಿಸಿದವರಿಗೆ ಅದನ್ನು ಹೇಳುವುದರಲ್ಲಿ ನಮ್ಮಲ್ಲಿ ಬಹಳ ಮಂದಿ ಓರಗೆಯವರಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ಇರುತ್ತಾರೆ. ಈ ಬರಹ ಅಂಥ ಯುವಕ ಯುವತಿಯರಿಗಾಗಿ, ಒಂದಿಷ್ಟು ಅವರ ತಂದೆತಾಯಿಗಳಿಗಾಗಿ. ನಾನು ವೈದ್ಯೆಯಲ್ಲ. 1993ರಲ್ಲಿ, 31ನೆಯ ವಾರಕ್ಕೆ, 1,280 ಗ್ರಾಂ ತೂಕವಿದ್ದು ಹುಟ್ಟಿ, ಹತ್ತಿಯಲ್ಲಿ ಸುತ್ತಿಸಿಕೊಂಡು, ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಹಾಲು ಕುಡಿದು ಉಳಿದವಳು. ಮನೆಯಲ್ಲಿ ಇಂದಿಗೂ ನನ್ನ ಹೆಸರು ಗುಬ್ಬಿ.

37 ವಾರ ತುಂಬುವ ಮೊದಲು ಹುಟ್ಟುವುದನ್ನು ಅವಧಿಪೂರ್ವ ಜನನ ಎನ್ನುತ್ತಾರೆ. 32 ವಾರಕ್ಕೂ ಮೊದಲು ಹುಟ್ಟಿದವರದು ಒಂದು ಗುಂಪು, 28 ವಾರಕ್ಕೂ ಮೊದಲು ಹುಟ್ಟಿದವರದು ಇನ್ನೂ ಸೂಕ್ಷ್ಮವಾದ ಗುಂಪು. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಮಗು ಉಳಿಯಿತೇ, ತೂಕ ಏರಿತೇ, ಕಣ್ಣು ಕಿವಿ ಸರಿಯಿದೆಯೇ ಎಂಬಲ್ಲಿಗೆ ನಮ್ಮ ವಿಚಾರಣೆ ಮುಗಿದುಹೋಗುತ್ತದೆ. ಆ ಮಗುವಿಗೆ ಇಪ್ಪತ್ತೈದಾದಾಗ ಅದರ ಭಾನುವಾರಗಳು ಯಾರ ಜೊತೆ ಕಳೆಯುತ್ತವೆ ಎಂದು ಯಾರೂ ಕೇಳುವುದಿಲ್ಲ.

ಕೇಳಿದವರು ಕೆಲವರಿದ್ದಾರೆ. ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ಸಂಶೋಧಕರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ, 44 ಲಕ್ಷದವರೆಗಿನ ವಯಸ್ಕರ ಮಾಹಿತಿಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತಿಂಗಳು ತುಂಬಿ ಹುಟ್ಟಿದವರಿಗೆ ಹೋಲಿಸಿದರೆ ಅವಧಿಗೆ ಮೊದಲು ಹುಟ್ಟಿದವರು ಪ್ರೇಮಸಂಬಂಧದಲ್ಲಿ ತೊಡಗುವ ಸಾಧ್ಯತೆ ಶೇ 28ರಷ್ಟು ಕಡಿಮೆ, ತಂದೆತಾಯಿಯಾಗುವ ಸಾಧ್ಯತೆ ಶೇ 22ರಷ್ಟು ಕಡಿಮೆ. ಎಷ್ಟು ಬೇಗ ಹುಟ್ಟಿದರೆ ಅಷ್ಟು ಹೆಚ್ಚು ಅಂತರ. ಅಂಗವೈಕಲ್ಯವೊಂದೇ ಇದಕ್ಕೆ ಕಾರಣವೆಂದು ಹೇಳಲು ಬರುವುದಿಲ್ಲವೆಂದೂ, ಚಿಕ್ಕಂದಿನಲ್ಲಿ ಇತರ ಮಕ್ಕಳೊಡನೆ ಬೆರೆಯಲು ಆದ ತೊಡಕೇ ದೊಡ್ಡವರಾದ ಮೇಲೂ ಹಿಂಬಾಲಿಸಿ ಬರುತ್ತದೆಯೆಂದೂ ಅವರು ಅಭಿಪ್ರಾಯಪಟ್ಟರು. ಆದರೆ ಪತ್ರಿಕೆಗಳು ಶೇಕಡಾವಾರುಗಳನ್ನು ದೊಡ್ಡದಾಗಿ ಅಚ್ಚುಹಾಕುವ ಭರದಲ್ಲಿ ಹಿಂದೆ ಸರಿಸುವ ಇನ್ನೊಂದು ಅಂಶ ಅದೇ ವರದಿಯಲ್ಲಿದೆ: ಗೆಳೆಯರೋ ಸಂಗಾತಿಯೋ ಒಮ್ಮೆ ದೊರೆತ ಮೇಲೆ, ಆ ಸಂಬಂಧದ ಗುಣ ಉಳಿದವರ ಸಂಬಂಧಗಳಿಗಿಂತ ಯಾವುದರಲ್ಲೂ ಕಡಿಮೆಯಿರಲಿಲ್ಲ. ಅಂದರೆ ನಮಗೆ ಕಷ್ಟವಾಗುವುದು ಹೊಸ್ತಿಲು ದಾಟುವುದು. ಒಳಗೆ ಹೋದ ಮೇಲೆ ನಾವೂ ಎಲ್ಲರಂತೆ ಸಂಸಾರಸ್ಥರೇ. ಈ ಕೈಪಿಡಿಯ ಬಹುಪಾಲು ಆ ಹೊಸ್ತಿಲಿಗೇ ಸಂಬಂಧಿಸಿದ್ದು.

ಮೊದಲು ಡಿಸ್ಚಾರ್ಜ್ ಕಾರ್ಡು ಹುಡುಕಿ

ಮನೆಯ ಬೀರುವಿನಲ್ಲಿ, ಜಾತಕಗಳ ಜೊತೆಗೋ ಹಳೆಯ ರೇಷನ್ ಕಾರ್ಡಿನ ಜೊತೆಗೋ, ನೀವು ಹುಟ್ಟಿದ ಆಸ್ಪತ್ರೆಯ ಕಾಗದಗಳಿರುತ್ತವೆ. ಅವುಗಳನ್ನು ತೆಗೆದು ಓದಿ. ಎಷ್ಟನೆಯ ವಾರ, ಎಷ್ಟು ತೂಕ, ಎಷ್ಟು ದಿನ ಗಾಜಿನ ಪೆಟ್ಟಿಗೆಯಲ್ಲಿ, ಎಷ್ಟು ದಿನ ಆಮ್ಲಜನಕ, ಮಿದುಳಿನಲ್ಲಿ ರಕ್ತಸ್ರಾವವಾಗಿತ್ತೇ, ಅಕ್ಷಿಪಟಲದ (ಕಣ್ಣಿನ ಒಳಪೊರೆಯ) ತಪಾಸಣೆ ನಡೆದಿತ್ತೇ ಎಂಬಷ್ಟನ್ನು ಒಂದೇ ಹಾಳೆಯಲ್ಲಿ ನಿಮ್ಮ ಕೈಬರಹದಲ್ಲಿ ಬರೆದಿಟ್ಟುಕೊಳ್ಳಿ. ಕಾಗದಗಳು ಇಲ್ಲದಿದ್ದರೆ ತಾಯಿಯನ್ನೂ ಅಜ್ಜಿಯನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಇಬ್ಬರ ಕಥೆಯೂ ಒಂದೇ ಆಗಿರುವುದಿಲ್ಲ, ಆದರೆ ಎರಡೂ ಬೇಕು. ಕರ್ನಾಟಕದಲ್ಲಿ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಕ್ಯಾಮೆರಾ ಒಯ್ದು ಇಂಥ ಮಕ್ಕಳ ಕಣ್ಣು ಪರೀಕ್ಷಿಸತೊಡಗಿತು. ಆ ಮೊದಲ ಮಕ್ಕಳು ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿಗೆ ಬಂದಿರುವುದರಿಂದ, ಅವರ ಮನೆಗಳಲ್ಲಿ ನಮ್ಮ ಕಾಲಕ್ಕಿಂತ ಹೆಚ್ಚಿನ ದಾಖಲೆಗಳಿರಬಹುದು.

ಇದು ಪ್ರೀತಿ ಗೆಳೆತನಗಳಿಗೆ ಏಕೆ ಬೇಕು ಎಂದು ನೀವು ಕೇಳಬಹುದು. ನಮ್ಮಲ್ಲಿ ಅನೇಕರು ತಮ್ಮ ದೇಹದ ಸಣ್ಣ ತೊಡಕನ್ನು ಸ್ವಭಾವದ ದೋಷವೆಂದು ತಿಳಿದು ಕುಗ್ಗಿರುತ್ತಾರೆ. ಗದ್ದಲದ ಕ್ಯಾಂಟೀನಿನಲ್ಲಿ ಎದುರು ಕುಳಿತವರ ಮಾತು ಕೇಳಿಸದೆ ಸುಮ್ಮನೆ ನಗುವವರಿಗೆ ಒಂದು ಕಿವಿಯ ಶ್ರವಣ ಕಡಿಮೆಯಿದ್ದಿರಬಹುದು. ನನಗೆ ಎಡಗಣ್ಣಿನ ದೃಷ್ಟಿ ಕಡಿಮೆಯಿದ್ದು, ಮೆಟ್ಟಿಲಿನ ಆಳ ಥಟ್ಟನೆ ಗೊತ್ತಾಗುವುದಿಲ್ಲ. ಇಪ್ಪತ್ತೆರಡು ವರ್ಷದವರೆಗೆ ನಾನು ಅದನ್ನು ಅಂಜುಬುರುಕುತನ ಎಂದೇ ತಿಳಿದಿದ್ದೆ. ಆದ್ದರಿಂದ ಕಣ್ಣು ಮತ್ತು ಕಿವಿಯ ಪರೀಕ್ಷೆಯನ್ನು ಒಮ್ಮೆ ಮಾಡಿಸಿ. ಗಮನ ಒಂದೆಡೆ ನಿಲ್ಲದಿರುವುದು, ಎದುರಿನವರ ಮುಖಭಾವದ ಅರ್ಥ ತಡವಾಗಿ ಹೊಳೆಯುವುದು, ಎಲ್ಲದಕ್ಕೂ ಮೊದಲು ಆತಂಕವೇ ಮುಂದೆ ಬಂದು ನಿಲ್ಲುವುದು, ಈ ಮೂರೂ ಬಹಳ ಬೇಗ ಹುಟ್ಟಿದವರಲ್ಲಿ ಹೆಚ್ಚಾಗಿ ಜೊತೆಯಾಗಿ ಕಾಣುತ್ತವೆ. 1985–86ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಬಹಳ ಬೇಗ ಹುಟ್ಟಿದವರು 26ನೆಯ ವಯಸ್ಸಿನಲ್ಲಿ ಹೆಚ್ಚು ಅಂತರ್ಮುಖಿಗಳಾಗಿಯೂ ಹೆಚ್ಚು ಚಿಂತೆಪಡುವವರಾಗಿಯೂ ಕಂಡುಬಂದರು, ಅಪಾಯದ ಗೊಡವೆಗೆ ಕಡಿಮೆ ಹೋಗುತ್ತಿದ್ದರು. ಅಮೆರಿಕದ ಕ್ಲೀವ್‌ಲ್ಯಾಂಡಿನ ಇಂಥದೇ ಅಧ್ಯಯನವೊಂದರಲ್ಲಿ ಅವರು ಮದ್ಯ ಮಾದಕಗಳಿಂದಲೂ ಹೆಚ್ಚು ದೂರವಿದ್ದರು. ಅಳಿಯನನ್ನು ಹುಡುಕುವ ಮನೆಯವರು ಈ ಕೊನೆಯ ವಾಕ್ಯವನ್ನು ಎರಡು ಸಲ ಓದಲಿ.

ಗೆಳೆತನದ ಅಭ್ಯಾಸ

ಪ್ರೀತಿಯ ಮಾತಿಗೆ ಹೋಗುವ ಮೊದಲು ಗೆಳೆತನದಲ್ಲಿ ಹೆಚ್ಚು ಕಾಲ ನಿಲ್ಲಬೇಕಾಗುತ್ತದೆ, ಏಕೆಂದರೆ ಉಳಿದವರು ಶಾಲೆಯ ಮೈದಾನದಲ್ಲಿ ಹತ್ತನೆಯ ವಯಸ್ಸಿಗೇ ಕಲಿತದ್ದನ್ನು ನಮ್ಮಲ್ಲಿ ಹಲವರು ಕಲಿತೇ ಇರುವುದಿಲ್ಲ. ಖೋ ಖೋ ತಂಡಕ್ಕೆ ಆರಿಸುವಾಗ ಕೊನೆಗೆ ಉಳಿಯುತ್ತಿದ್ದವರು, ಚೆಂಡು ಹಿಡಿಯಲಾಗದೆ ನಗೆಪಾಟಲಾದವರು, ತಿಂಗಳಿಗೊಮ್ಮೆ ಉಬ್ಬಸವೆಂದು ರಜೆ ಹಾಕುತ್ತಿದ್ದವರು ಯಾರೆಂದು ನೆನಪಿಸಿಕೊಳ್ಳಿ. ಬಹಳ ಬೇಗ ಹುಟ್ಟಿದ ಮಕ್ಕಳು ಶಾಲೆಯಲ್ಲಿ ಸಹಪಾಠಿಗಳ ಕೀಟಲೆ ಹಿಂಸೆಗಳಿಗೆ ಹೆಚ್ಚಾಗಿ ಗುರಿಯಾಗುತ್ತಾರೆ ಎಂಬುದು ಅಧ್ಯಯನಗಳಲ್ಲಿಯೂ ದಾಖಲಾಗಿದೆ. ಹಾಗೆ ಬೆಳೆದವರಿಗೆ “ಹೋಗಿ ನಾಲ್ಕು ಜನರ ಜೊತೆ ಬೆರೆ” ಎಂದು ಹೇಳುವುದು, ಈಜು ಬಾರದವರಿಗೆ ಬಾವಿಗೆ ಇಳಿ ಎಂದ ಹಾಗೆ.

ಮೊದಲ ನಿಯಮ, ಗುಂಪನ್ನಲ್ಲ, ಕೆಲಸವನ್ನು ಆರಿಸಿಕೊಳ್ಳಿ. ಮದುವೆ ಮನೆ, ಹುಟ್ಟುಹಬ್ಬದ ಪಾರ್ಟಿ, ಕಚೇರಿಯ ಪ್ರವಾಸ ಇವೆಲ್ಲ ಮಾತೇ ಬಂಡವಾಳವಾಗಿರುವ ಜಾಗಗಳು. ಹೊಸಬರಿಗೆ ಅವು ಅತ್ಯಂತ ಕಷ್ಟದ ಪರೀಕ್ಷೆ. ಅದರ ಬದಲು, ಎಲ್ಲರ ಕಣ್ಣೂ ಮೂರನೆಯದೊಂದರ ಮೇಲಿರುವ ಜಾಗಕ್ಕೆ ಹೋಗಿ: ಹವ್ಯಾಸಿ ನಾಟಕ ತಂಡದ ರಂಗಸಜ್ಜಿಕೆ, ಯಕ್ಷಗಾನದ ತರಗತಿ, ಚದುರಂಗ, ಕೆರೆ ಸ್ವಚ್ಛಗೊಳಿಸುವ ತಂಡ, ಗಮಕ, ಹಕ್ಕಿ ನೋಡುವವರ ಬಳಗ. ನಾನು ಹೋದದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಗೆ, ಭಾನುವಾರ ಬೆಳಗ್ಗೆ ಆರೂವರೆಗೆ. ಹಕ್ಕಿ ನೋಡುವಾಗ ಜೋರಾಗಿ ಮಾತನಾಡುವಂತಿಲ್ಲ. ಪಕ್ಕಪಕ್ಕದಲ್ಲಿ ನಡೆಯುವುದರಿಂದ ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಿಲ್ಲ. ಮಾತು ನಿಂತರೆ ದುರ್ಬೀನು ಇದೆ. ಮೊದಲ ಮೂರು ವಾರ ನಾನು ಆಡಿದ ಮಾತು “ಅಲ್ಲಿ, ಆ ಬಿದಿರಿನ ಹಿಂದೆ” ಎನ್ನುವಷ್ಟೇ. ನಾಲ್ಕನೆಯ ವಾರ ನನಗೆ ಜ್ವರ ಬಂದು ಹೋಗಲಾಗಲಿಲ್ಲ, ಐದನೆಯ ವಾರ ಒಬ್ಬರು, “ಕಳೆದ ವಾರ ಎಲ್ಲಿ ಹೋಗಿದ್ರಿ? ಮಿಂಚುಳ್ಳಿ ನಿಮ್ಮನ್ನು ಕೇಳ್ತು” ಎಂದರು. ನನ್ನ ಗೈರುಹಾಜರಿಯನ್ನು ಮನೆಯ ಹೊರಗೆ ಯಾರೋ ಒಬ್ಬರು ಗಮನಿಸಿದ್ದು ಅದೇ ಮೊದಲು.

ಎರಡನೆಯದು, ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ಕನಿಷ್ಠ ಹತ್ತು ಸಲ ಹೋಗಿ. ಮೂರು ಸಲ ಹೋಗಿ ಯಾರೂ ಮಾತನಾಡಿಸಲಿಲ್ಲ ಎಂದು ಬಿಟ್ಟುಬಿಡುವುದು ನಾವೆಲ್ಲರೂ ಮಾಡುವ ತಪ್ಪು. ಪರಿಚಯವೆನ್ನುವುದು ಮುಖ ಹಳತಾಗುವುದರಿಂದ ಆಗುತ್ತದೆಯೇ ಹೊರತು ಮಾತಿನ ಜಾಣ್ಮೆಯಿಂದಲ್ಲ.

ಮೂರನೆಯದು, ಮುಂದಿನ ಹೆಜ್ಜೆಯನ್ನು ನೀವೇ ಇಡಿ, ಅದನ್ನು ಚಿಕ್ಕದಾಗಿ ಇಡಿ. “ಯಾವತ್ತಾದರೂ ಸಿಗೋಣ” ಎಂಬುದು ಕರೆಯೇ ಅಲ್ಲ. “ಮುಂದಿನ ಭಾನುವಾರ ಹಕ್ಕಿ ನೋಡಿ ಮುಗಿದ ಮೇಲೆ ಇಲ್ಲೇ ಕೆರೆಯ ಹತ್ತಿರ ಕಾಫಿ ಕುಡಿದು ಹೋಗೋಣವೇ? ನನಗೆ ಒಂಬತ್ತರವರೆಗೆ ಬಿಡುವಿದೆ” ಎಂಬುದು ಕರೆ, ಅದರಲ್ಲಿ ದಿನವಿದೆ, ಜಾಗವಿದೆ, ಮುಗಿಯುವ ಹೊತ್ತೂ ಇದೆ. ಮುಗಿಯುವ ಹೊತ್ತನ್ನು ಮೊದಲೇ ಹೇಳುವುದರಿಂದ ಎರಡೂ ಕಡೆಯವರಿಗೆ ನಿರಾಳ. ಬೇಗ ದಣಿಯುವವರಿಗಂತೂ ಇದು ಅಗತ್ಯ. ಎರಡು ಗಂಟೆ ಜನರ ನಡುವೆ ಇದ್ದು ಬಂದು ಮಧ್ಯಾಹ್ನವೆಲ್ಲ ಮಲಗುವುದು ಸೋಮಾರಿತನವಲ್ಲ. ಎದುರಿನವರ ಇಂಗಿತ ತಿಳಿಯುವುದು ನಿಮಗೆ ಕಷ್ಟವಾದರೆ ಊಹಿಸುತ್ತಾ ಕೂರಬೇಡಿ, ನೇರವಾಗಿ ಕೇಳಿ: “ನಿಮಗೆ ಹೊತ್ತಾಯಿತೇ? ನಾನು ಇದೇ ಮಾತನ್ನು ಎಳೆಯುತ್ತಿದ್ದೇನೆಯೇ?” ಸಂದೇಶಗಳಿಗೆ ಎರಡು ಸಲ ಒಂದೊಂದೇ ಪದದ ಉತ್ತರ ಬಂದರೆ ಮೂರನೆಯದನ್ನು ಕಳುಹಿಸದೆ ಎರಡು ವಾರ ಬಿಡುವುದು ಒಳ್ಳೆಯದು. ಕರೆದಾಗ ಬರಲಿಲ್ಲವೆಂದರೆ ಆ ಭಾನುವಾರ ಬರಲಿಲ್ಲವೆಂದಷ್ಟೇ ಅರ್ಥ. ಶಾಲೆಯ ಮೈದಾನದ ಹಳೆಯ ಗಾಯವನ್ನು ಅದಕ್ಕೆ ಜೋಡಿಸಬೇಡಿ. ಆತಂಕ ಇಷ್ಟಕ್ಕೂ ಬಿಡದೆ ಊಟ ನಿದ್ರೆಗಳನ್ನು ಕೆಡಿಸುವಂತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ. ಹುಟ್ಟಿದ ವಾರವನ್ನು ಅವರಿಗೂ ಹೇಳಿ.

ತಂದೆತಾಯಿಗಳಿಗೆ ಒಂದು ಮಾತು

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1978ರಿಂದ 1985ರವರೆಗೆ ಒಂದೂವರೆ ಕಿಲೋಗಿಂತ ಕಡಿಮೆ ತೂಕವಿದ್ದು ಹುಟ್ಟಿದವರನ್ನು ದೊಡ್ಡವರಾದ ಮೇಲೆ ಮಾತನಾಡಿಸಿದಾಗ, ತಂದೆತಾಯಿಯ ಮನೆ ಬಿಟ್ಟು ಬೇರೆ ವಾಸಿಸತೊಡಗಿದವರು ಅವರಲ್ಲಿ ಕಡಿಮೆಯಿದ್ದರು. ನಮ್ಮಲ್ಲಿ ಮದುವೆಗೆ ಮೊದಲು ಮನೆ ಬಿಡುವುದು ಹೇಗೂ ವಾಡಿಕೆಯಲ್ಲವಾದ್ದರಿಂದ ಈ ಲೆಕ್ಕ ನೇರವಾಗಿ ನಮಗೆ ಒಪ್ಪುವುದಿಲ್ಲ. ಆದರೆ ಅದರ ನೆರಳು ನಮ್ಮ ಮನೆಗಳಲ್ಲೂ ಇದೆ. ನಲವತ್ತು ದಿನ ಗಾಜಿನಾಚೆ ನಿಂತು ಮಗುವಿನ ಎದೆ ಏರಿಳಿಯುವುದನ್ನು ಎಣಿಸಿದ ತಾಯಿ, ಆ ಎಣಿಕೆಯನ್ನು ಇಪ್ಪತ್ತೈದು ವರ್ಷವಾದರೂ ನಿಲ್ಲಿಸಿರುವುದಿಲ್ಲ. ಕಾಲೇಜು ಪ್ರವಾಸ ಬೇಡ, ಮಳೆಯಲ್ಲಿ ಹೋಗಬೇಡ, ಹಾಸ್ಟೆಲ್ ಊಟ ಒಗ್ಗುವುದಿಲ್ಲ ಎಂಬ ಒಂದೊಂದು ಮಾತೂ ಪ್ರೀತಿಯಿಂದಲೇ ಹುಟ್ಟಿದ್ದು. ಒಟ್ಟು ಸೇರಿದಾಗ ಮಾತ್ರ ಅವು ಮತ್ತೊಂದು ಗಾಜಿನ ಪೆಟ್ಟಿಗೆಯಾಗುತ್ತವೆ.

ಅಪ್ಪ ಅಮ್ಮಂದಿರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಬ್ಯಾಂಕು, ಬಸ್ಸು, ಆಸ್ಪತ್ರೆ ಈ ಮೂರಕ್ಕೂ ಮಗನನ್ನೋ ಮಗಳನ್ನೋ ಒಬ್ಬರನ್ನೇ ಕಳುಹಿಸಿ. ವೈದ್ಯರ ಕೋಣೆಯಲ್ಲಿ ಅವರ ಪರವಾಗಿ ನೀವು ಉತ್ತರ ಕೊಡಬೇಡಿ. ನೆಂಟರ ಎದುರು “ಇವನು ಉಳಿದದ್ದೇ ದೊಡ್ಡದು” ಎಂಬ ಕಥೆಯನ್ನು ನಿಲ್ಲಿಸಿ. ಆ ಕಥೆ ಅವರದು, ಹೇಳುವ ಹಕ್ಕೂ ಅವರದು. ಮಕ್ಕಳಿಗೂ ಒಂದು ಸೂಚನೆ: ಜಗಳವಾಡಿ ಸ್ವಾತಂತ್ರ್ಯ ಪಡೆಯುವುದಕ್ಕಿಂತ, “ಎಂಟೂವರೆಗೆ ತಲುಪಿ ಫೋನ್ ಮಾಡ್ತೀನಿ, ಅಮ್ಮ” ಎಂದು ಹೇಳಿ ಎಂಟೂ ಇಪ್ಪತ್ತೊಂಬತ್ತಕ್ಕೆ ಫೋನ್ ಮಾಡುವುದು ಬೇಗ ಫಲ ಕೊಡುತ್ತದೆ.

ಹೇಳುವುದು ಯಾವಾಗ, ಎಷ್ಟು

ಒಬ್ಬರು ಇಷ್ಟವಾದರೆ ಅದನ್ನು ತಿಳಿಸುವ ದಾರಿ ಗೆಳೆತನಕ್ಕೆ ಕರೆಯುವ ದಾರಿಗಿಂತ ಬೇರೆಯಲ್ಲ. ಚಿಕ್ಕದಾಗಿ, ಸ್ಪಷ್ಟವಾಗಿ, ಬೇಡವೆನ್ನಲು ಜಾಗವಿಟ್ಟು ಹೇಳಬೇಕು: “ನಿಮ್ಮ ಜೊತೆ ಮಾತನಾಡುವುದು ನನಗೆ ಇಷ್ಟ. ಬರೀ ಗೆಳೆತನವಲ್ಲದ ರೀತಿಯಲ್ಲೂ ಇಷ್ಟ. ನಿಮಗೆ ಹಾಗನಿಸದಿದ್ದರೆ ಹೇಳಿಬಿಡಿ, ಭಾನುವಾರ ಬರುವುದನ್ನು ನಾನು ನಿಲ್ಲಿಸುವುದಿಲ್ಲ.” ಉತ್ತರ ಬರದಿದ್ದರೆ ಅದೂ ಉತ್ತರವೇ, ಮತ್ತೆ ಕೇಳಬಾರದು. ಮೂವತ್ತರವರೆಗೂ ಯಾರ ಕೈಯನ್ನೂ ಹಿಡಿದಿಲ್ಲವೆಂಬುದು ನಾಚಿಕೆಯ ವಿಷಯವೂ ಅಲ್ಲ, ತುರ್ತಾಗಿ ಸರಿಪಡಿಸಬೇಕಾದ ಲೋಪವೂ ಅಲ್ಲ. ಒಂಟಿಯಾಗಿ ಇರಲು ಇಷ್ಟಪಡುವವರು ನಮ್ಮಲ್ಲೂ ಇದ್ದಾರೆ. ಇದು ಅವರಿಗೆ ಬರೆದದ್ದಲ್ಲ.

ಬೇಗ ಹುಟ್ಟಿದ ವಿಷಯವನ್ನು ಹೇಳಬೇಕೇ ಎಂಬ ಪ್ರಶ್ನೆ ಪ್ರೇಮವಿವಾಹದಲ್ಲಿ ಹಗುರ, ಹಿರಿಯರು ಗೊತ್ತು ಮಾಡುವ ಮದುವೆಯಲ್ಲಿ ಭಾರ. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು” ಎಂಬ ಗಾದೆಯನ್ನು ಈ ಸಂದರ್ಭದಲ್ಲಿ ನೆನಪಿಸುವ ಒಬ್ಬ ಸೋದರಮಾವ ಎಲ್ಲ ಮನೆಗಳಲ್ಲೂ ಇರುತ್ತಾರೆ. ನನ್ನ ಮೊದಲ ಸಂಬಂಧ ಮುರಿದದ್ದು ಹಾಗೆ: ನಮ್ಮವರು ಹೇಳಲಿಲ್ಲ, ಲಗ್ನಪತ್ರಿಕೆಗೆ ಎರಡು ವಾರವಿರುವಾಗ ದೂರದ ನೆಂಟರೊಬ್ಬರ ಬಾಯಿಂದ ಅದು ಆ ಮನೆಗೆ ತಲುಪಿತು, ತಲುಪುವ ಹೊತ್ತಿಗೆ ಮಗುವಾಗದಿರುವ ಕಾಯಿಲೆಯಾಗಿ ಬೆಳೆದಿತ್ತು. ಅವರು ಬೇಡವೆಂದದ್ದಕ್ಕಿಂತ, ಮುಚ್ಚಿಟ್ಟಿರಿ ಎಂದದ್ದು ನನ್ನ ತಂದೆಗೆ ಹೆಚ್ಚು ನೋವು ಕೊಟ್ಟಿತು.

ನನ್ನ ಅನುಭವದಲ್ಲಿ ಸರಿಯೆನಿಸಿದ ಕ್ರಮ ಇದು. ಬಯೋಡೇಟಾದಲ್ಲಿ ಬರೆಯುವ ಅಗತ್ಯವಿಲ್ಲ. ಅದು ಕಾಯಿಲೆಯಲ್ಲ, ಹುಟ್ಟಿದ ಬಗೆ. ಹೆಣ್ಣು ನೋಡುವ ದಿನ, ಉಪ್ಪಿಟ್ಟು ಕೇಸರಿಬಾತಿನ ತಟ್ಟೆಗಳ ನಡುವೆ, ಹತ್ತು ಜನರ ಮುಂದೆಯೂ ಬೇಡ. ಇಬ್ಬರೇ ಮಾತನಾಡುವ ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ, ಮಾತುಕತೆ ನಿಶ್ಚಯದ ಕಡೆ ತಿರುಗುವ ಮೊದಲು, ನೀವೇ ಹೇಳಿ. ಹೇಳುವಾಗ ಮೂರು ಸಂಗತಿ ಸಾಕು: ಏನಾಗಿತ್ತು, ಈಗ ಅದರಿಂದ ನಿತ್ಯದಲ್ಲಿ ಏನು ವ್ಯತ್ಯಾಸ, ಅವರು ಏನು ಬೇಕಾದರೂ ಕೇಳಬಹುದು ಎಂಬುದು. ನಾನು ನನ್ನ ಯಜಮಾನರಾಗಲಿದ್ದವರಿಗೆ ಒಂದು ದರ್ಶಿನಿಯಲ್ಲಿ, ನಿಂತುಕೊಂಡೇ, ಹೇಳಿದ್ದು ಇಷ್ಟು: “ನಾನು ಏಳು ತಿಂಗಳಿಗೇ ಹುಟ್ಟಿದವಳು. ಎಡಗಣ್ಣು ಸ್ವಲ್ಪ ಮಂದ, ರಾತ್ರಿ ಹೊತ್ತು ಸ್ಕೂಟರ್ ಓಡಿಸುವುದಿಲ್ಲ, ಚಳಿಗಾಲದಲ್ಲಿ ಕೆಮ್ಮು ಬೇಗ ಬರುತ್ತದೆ. ಕೇಳಬೇಕೆನಿಸಿದ್ದನ್ನು ಕೇಳಿ.” ಅವರು ಕಾಫಿಯ ಲೋಟವನ್ನು ಕೆಳಗಿಟ್ಟು, “ಅದಕ್ಕೇನಾ ನೀವು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳೋದು? ನಾನು ಬಲಗಡೆ ನಿಂತುಕೊಂಡು ಪ್ರಯೋಜನವೇ ಇಲ್ಲ ಹಾಗಾದ್ರೆ” ಎಂದು ಎಡಗಡೆಗೆ ಬಂದು ನಿಂತರು. ಎಲ್ಲರಿಗೂ ಇಂಥ ಉತ್ತರವೇ ಸಿಗುತ್ತದೆಂದು ನಾನು ಹೇಳಲಾರೆ. ಅನುಕಂಪದಿಂದ ಒಪ್ಪಿಕೊಳ್ಳುವವರನ್ನೂ, ಕೂಡಲೇ ಜ್ಯೋತಿಷಿಯ ಬಳಿ ಓಡುವವರನ್ನೂ ನೋಡಿದ್ದೇನೆ. ಎಂಟು ತಿಂಗಳ ಕೂಸಿಗಿಂತ ಏಳು ತಿಂಗಳ ಕೂಸು ಗಟ್ಟಿ ಎಂಬ ಹಳೆಯ ನಂಬಿಕೆ ನನ್ನ ಪಾಲಿಗೆ ಒಂದೆರಡು ಸಲ ಅನುಕೂಲವಾಗಿಯೇ ಒದಗಿದ್ದುಂಟು, ಆದರೆ ಅದು ಸುಳ್ಳು. ಗರ್ಭದಲ್ಲಿ ಒಂದೊಂದು ವಾರ ಹೆಚ್ಚಿದ್ದಷ್ಟೂ ಮಗುವಿಗೆ ಒಳ್ಳೆಯದೇ.

ನಡಿಗೆಯಲ್ಲಿ, ಕೈಯಲ್ಲಿ ಕಾಣುವಂಥ ತೊಡಕು, ಉದಾಹರಣೆಗೆ ಸೆರೆಬ್ರಲ್ ಪಾಲ್ಸಿ, ಇರುವವರಿಗೆ ಹೇಳುವ ಹೊತ್ತನ್ನು ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಅವರು ಮೊದಲ ಭೇಟಿಯ ಮೊದಲೇ ಫೋನಿನಲ್ಲಿ ಒಂದು ವಾಕ್ಯದಲ್ಲಿ ತಿಳಿಸಿಬಿಟ್ಟರೆ, ಭೇಟಿಯ ಹೊತ್ತು ಕಾಲಿನ ಬಗ್ಗೆ ಅಲ್ಲದೆ ಬೇರೆ ವಿಷಯದ ಬಗ್ಗೆ ಮಾತನಾಡಲು ಉಳಿಯುತ್ತದೆ.

ದೇಹ ಮತ್ತು ಮಕ್ಕಳು

ಹಸುಗೂಸಾಗಿದ್ದಾಗ ಸೂಜಿ ನಳಿಕೆಗಳು ಉಳಿಸಿಹೋದ ಕಲೆಗಳು ಕೈ ಮೇಲೆ, ಎದೆಯ ಪಕ್ಕ, ಹಿಮ್ಮಡಿಯ ಮೇಲೆ ಇರಬಹುದು. ಸಂಗಾತಿ ಅವುಗಳನ್ನು ಕಾಣುವ ಮೊದಲೇ ನೀವು ಬೆಳಕಿನಲ್ಲಿ ತೋರಿಸಿ ಹೇಳಿದರೆ ಆಮೇಲೆ ಮುಚ್ಚಿಕೊಳ್ಳುವ ಕೆಲಸವಿರುವುದಿಲ್ಲ. ಅನಿರೀಕ್ಷಿತ ಸ್ಪರ್ಶಕ್ಕೆ ಮೈ ಬಿಗಿಯುವುದು, ಕೆಲವು ಬಗೆಯ ಸ್ಪರ್ಶ ಸಹಿಸಲಾಗದಿರುವುದು ಕೆಲವರಲ್ಲಿ ಇರುತ್ತದೆ; ಇದು ಪ್ರೀತಿಯ ಕೊರತೆಯಲ್ಲವೆಂದು ಬಾಯಿಬಿಟ್ಟು ಹೇಳಬೇಕು, ಯಾವುದು ಹಿತ ಯಾವುದು ಅಹಿತ ಎಂಬುದನ್ನೂ ಹೇಳಬೇಕು. ಸ್ನಾಯುಗಳ ಬಿಗಿತವಿರುವವರು ಫಿಸಿಯೋಥೆರಪಿಸ್ಟರನ್ನು ಈ ವಿಷಯವಾಗಿಯೇ ನೇರವಾಗಿ ಕೇಳಬಹುದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಸಂತಾನ ಮತ್ತು ಕುಟುಂಬ ಯೋಜನೆಯ ಕುರಿತು ಮಾಹಿತಿ ಪಡೆಯುವುದನ್ನು ಹಕ್ಕೆಂದೇ ಹೇಳುತ್ತದೆ. ಬೇಗ ಹುಟ್ಟಿದವರಲ್ಲಿ ರಕ್ತದೊತ್ತಡ ಸ್ವಲ್ಪ ಹೆಚ್ಚಿರುವ ಸಂಭವವಿರುವುದರಿಂದ ವರ್ಷಕ್ಕೊಮ್ಮೆ ಅಳೆಸಿಕೊಳ್ಳಿ. ಶ್ವಾಸಕೋಶದ ಬಲವೂ ಕಡಿಮೆಯಿರಬಹುದಾದ್ದರಿಂದ ಸಿಗರೇಟು ಬೇಡವೇ ಬೇಡ.

ಮಕ್ಕಳಾಗುವುದೇ ಎಂಬ ಪ್ರಶ್ನೆಯನ್ನು ಅತ್ತೆ ಕೇಳದಿದ್ದರೆ ನೆರೆಮನೆಯವರು ಕೇಳುತ್ತಾರೆ. ಅಂಕಿಗಳಲ್ಲಿ ಕಾಣುವ ಕೊರತೆಗೆ ಸಂಗಾತಿ ಸಿಗದಿರುವುದೂ ದೊಡ್ಡ ಕಾರಣವಾಗಿರುವುದರಿಂದ, ಬೇಗ ಹುಟ್ಟಿದವರೆಂದ ಮಾತ್ರಕ್ಕೆ ಮಕ್ಕಳಾಗುವುದಿಲ್ಲವೆಂದು ಯಾರೂ ತೀರ್ಮಾನಿಸಬಾರದು. ತಾನೇ ಬೇಗ ಹುಟ್ಟಿದ ಹೆಂಗಸಿಗೆ ಬೇಗ ಹೆರಿಗೆಯಾಗುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚು ಎಂಬುದು ಮಾತ್ರ ನಿಜ. ಆದ್ದರಿಂದ ಗರ್ಭಿಣಿಯಾದ ಮೇಲೆ ಮೊದಲ ಭೇಟಿಯಲ್ಲಿಯೇ, ಅವರು ಕೇಳಲಿ ಬಿಡಲಿ, ನೀವು ಹುಟ್ಟಿದ ವಾರವನ್ನು ವೈದ್ಯರಿಗೆ ತಿಳಿಸಿ. ಬೀರುವಿನಿಂದ ತೆಗೆದು ಒಂದೇ ಹಾಳೆಯಲ್ಲಿ ಬರೆದಿಟ್ಟದ್ದು ಆಗ ಕೆಲಸಕ್ಕೆ ಬರುತ್ತದೆ. ನಾನು ಗರ್ಭಿಣಿಯಾದಾಗ ನನ್ನ ‘ತಾಯಿ ಕಾರ್ಡ್’ (ಗರ್ಭಿಣಿಯರ ತಪಾಸಣೆಯ ಕಾರ್ಡು) ಇಟ್ಟ ಫೈಲಿನಲ್ಲಿ ಮೊದಲ ಪುಟ ಅದೇ ಆಗಿತ್ತು. ವೈದ್ಯೆ ಅದನ್ನು ಓದಿ, ಇಪ್ಪತ್ತನೆಯ ವಾರದ ಸ್ಕ್ಯಾನಿನ ದಿನಾಂಕವನ್ನು ಅದರ ಅಂಚಿನಲ್ಲಿಯೇ ಪೆನ್ಸಿಲಿನಿಂದ ಬರೆದುಕೊಟ್ಟರು.